ಸೊಟ್ಟ ಮೂಗನ್ನು ನೇರ ಮಾಡಿಸುವ ಮುನ್ನ

‘ಮೂಗಿನಲ್ಲಿ ಮೂಳೆ ಬೆಳೆದಿದೆಯಂತೆ, ತೆಗೆಸಬೇಕಂತೆ’ ಎಂಬ ಮಾತು ಕೇಳದ ಮನೆ ನಮ್ಮಲ್ಲಿ ಕಡಿಮೆ. ಬಹುಪಾಲು ಸಂದರ್ಭಗಳಲ್ಲಿ ಅಲ್ಲಿ ಏನೂ ಹೊಸದಾಗಿ ಬೆಳೆದಿರುವುದಿಲ್ಲ. ಎರಡು ಹೊಳ್ಳೆಗಳ ನಡುವಿನ ಗೋಡೆ ಒಂದು ಬದಿಗೆ ಬಾಗಿರುತ್ತದೆ, ಅಷ್ಟೆ. ಮುಂದೆ ಮೃದ್ವಸ್ಥಿ, ಹಿಂದೆ ಮೂಳೆಯಿಂದಾದ ಈ ಗೋಡೆ ನೂಲು ಹಿಡಿದಂತೆ ನೆಟ್ಟಗಿರುವವರೇ ವಿರಳ. ಹೊರಗಿನಿಂದ ಮೂಗು ಸೊಟ್ಟಗೆ ಕಾಣುವುದು ಬೇರೆ ವಿಷಯ. ಮೇಲ್ಭಾಗದ ಮೂಳೆ, ನಡುವಿನ ಮೃದ್ವಸ್ಥಿ, ತುದಿ, ಇವುಗಳಲ್ಲಿ ಯಾವುದು ಬೇಕಾದರೂ ವಾಲಿರಬಹುದು. ಒಳಗೋಡೆ ಬಾಗಿದ್ದೂ ಹೊರಮೂಗು ನೇರವಾಗಿರಬಹುದು. ಹೊರಗೆ ಸೊಟ್ಟಗಿದ್ದೂ ಉಸಿರಾಟ ಸರಾಗವಾಗಿರಬಹುದು.

ಹಾಗಾಗಿ ಮೊದಲು ಇತ್ಯರ್ಥವಾಗಬೇಕಾದದ್ದು ಒಂದೇ: ನಿಮ್ಮ ತೊಂದರೆ ಉಸಿರಿನದೋ, ಕನ್ನಡಿಯದೋ? ಎರಡೂ ಆಗಿದ್ದರೆ ಸಂಕೋಚವಿಲ್ಲದೆ ಎರಡನ್ನೂ ಹೇಳಿ. ಯಾವ ಶಸ್ತ್ರಚಿಕಿತ್ಸೆ, ಯಾವ ವೈದ್ಯರು, ವಿಮೆಯ ಹಣ ಬರುತ್ತದೆಯೇ ಎಂಬುದೆಲ್ಲ ಈ ಉತ್ತರದ ಬೆನ್ನಿಗೇ ಬರುತ್ತದೆ.

1. ಎರಡು ವಾರ ಮನೆಯಲ್ಲೇ ಗಮನಿಸಿ

ಆರೋಗ್ಯವಂತರ ಮೂಗೂ ಕೆಲವು ಗಂಟೆಗಳಿಗೊಮ್ಮೆ ಬದಿ ಬದಲಿಸುತ್ತದೆ: ಒಂದು ಹೊಳ್ಳೆ ಬಿಗಿಯಾದಾಗ ಇನ್ನೊಂದು ಸಡಿಲವಾಗುತ್ತದೆ. ಯಾವಾಗಲೂ ಒಂದೇ ಬದಿ ಕಟ್ಟಿದ್ದರೆ ರಚನೆಯ ದೋಷವಿರಬಹುದು. ಬದಿ ಬದಲಾಗುತ್ತಾ, ಸೀನು ಮತ್ತು ತುರಿಕೆಯೂ ಜೊತೆಗಿದ್ದರೆ ಅಲರ್ಜಿಯ ಅನುಮಾನ ಹೆಚ್ಚು. ಅಲರ್ಜಿಗೆ ಚಿಕಿತ್ಸೆ ಮಾಡದೆ ಗೋಡೆಯನ್ನಷ್ಟೇ ನೇರ ಮಾಡಿಸಿಕೊಂಡರೆ ಮೂಗು ಮತ್ತೆ ಕಟ್ಟುತ್ತದೆ. ಕೆನ್ನೆಯನ್ನು ಬೆರಳಿನಿಂದ ಮೆಲ್ಲನೆ ಹೊರಕ್ಕೆಳೆದು ಉಸಿರೆಳೆದು ನೋಡಿ. ಥಟ್ಟನೆ ಹಗುರವೆನಿಸಿದರೆ ಮೂಗಿನ ಪಕ್ಕದ ಇಕ್ಕಟ್ಟಾದ ಭಾಗವೂ ದುರ್ಬಲವಾಗಿರಬಹುದು. ಇದನ್ನು ವೈದ್ಯರಿಗೆ ತಿಳಿಸಿ.

ಮೂಗು ಬಿಡಿಸಲು ಮೆಡಿಕಲ್ ಶಾಪಿನಿಂದ ನೀವೇ ತಂದು ಹಾಕಿಕೊಳ್ಳುವ ಹನಿಗಳ ಬಗ್ಗೆ ಎಚ್ಚರ. ನಾಲ್ಕೈದು ದಿನ ಮೀರಿ ಬಳಸಿದರೆ ಅವೇ ಮೂಗು ಕಟ್ಟುವಂತೆ ಮಾಡುತ್ತವೆ. ತಿಂಗಳುಗಟ್ಟಲೆ ಹನಿ ಹಾಕಿಕೊಂಡು, ತಪ್ಪನ್ನು ಪಾಪದ ಗೋಡೆಯ ಮೇಲೆ ಹೊರಿಸುವವರಿದ್ದಾರೆ.

ಕನ್ನಡಿಯ ತೊಂದರೆಯಾದರೆ ಸೆಲ್ಫಿಯನ್ನು ನಂಬಬೇಡಿ. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮೂಗು ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಐದಾರು ಅಡಿ ದೂರದಿಂದ ಬೇರೆಯವರಿಂದ ತೆಗೆಸಿ. ಮುಖದ ಎಡ ಬಲಗಳು ಯಾರಲ್ಲೂ ಒಂದೇ ಅಳತೆಯಲ್ಲಿರುವುದಿಲ್ಲ. ಗಲ್ಲವೋ ಹುಬ್ಬೋ ಒಂದು ಕಡೆಗೆ ಸರಿದಿದ್ದರೆ ನೆಟ್ಟಗಿನ ಮೂಗೂ ಓರೆಯಾಗಿಯೇ ಕಾಣುತ್ತದೆ.

2. ಪೆಟ್ಟು ಬಿದ್ದಿದ್ದರೆ ದಿನ ಎಣಿಸಿ

ಕ್ರಿಕೆಟ್ ಚೆಂಡು ಬಡಿದೋ ಬೈಕಿನಿಂದ ಬಿದ್ದೋ ಮೂಗು ವಾಲಿದ್ದರೆ ಲೆಕ್ಕವೇ ಬೇರೆ. ನೋವು ಏರುತ್ತಾ ಮೂಗು ಪೂರ್ತಿ ಕಟ್ಟಿಕೊಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನಡುಗೋಡೆಯಲ್ಲಿ ರಕ್ತ ಹೆಪ್ಪುಗಟ್ಟಿ ಮೃದ್ವಸ್ಥಿ ಸತ್ತರೆ ಮೂಗು ನಡುವೆ ಕುಸಿಯುತ್ತದೆ. ಉಳಿದಂತೆ, ಮುರಿದ ಮೂಳೆಯನ್ನು ಕೊಯ್ಯದೆಯೇ ಸ್ವಸ್ಥಾನಕ್ಕೆ ತಳ್ಳಿ ಕೂರಿಸಲು ವಯಸ್ಕರಲ್ಲಿ ಸುಮಾರು ಎರಡು ವಾರಗಳ ಅವಕಾಶವಿರುತ್ತದೆ, ಮಕ್ಕಳಲ್ಲಿ ಅದಕ್ಕೂ ಕಡಿಮೆ. ಅದು ಮೀರಿದರೆ ಮೂಳೆ ಸೊಟ್ಟಗೇ ಕೂಡಿಕೊಳ್ಳುತ್ತದೆ, ಆಮೇಲೆ ಕೆಲವು ತಿಂಗಳು ಕಾದು ದೊಡ್ಡ ಶಸ್ತ್ರಚಿಕಿತ್ಸೆಯನ್ನೇ ಮಾಡಿಸಬೇಕಾಗುತ್ತದೆ.

3. ವೈದ್ಯರನ್ನು ಕಾಣಿ, ಹೆಸರುಗಳನ್ನು ಬಿಡಿಸಿ ಕೇಳಿ

ಕಿವಿ, ಮೂಗು, ಗಂಟಲು ತಜ್ಞರಿಂದ ಆರಂಭಿಸುವುದು ಒಳ್ಳೆಯದು. ಸಣ್ಣ ದುರ್ಬೀನು ಹಾಕಿ ಒಳಗೆ ನೋಡುತ್ತಾರೆ. ಸೆಪ್ಟೊಪ್ಲಾಸ್ಟಿ ಎಂದರೆ ಒಳಗೋಡೆಯ ದುರಸ್ತಿ. ಅದರಿಂದ ಹೊರಗಿನ ಆಕಾರ ಸಾಮಾನ್ಯವಾಗಿ ಬದಲಾಗುವುದಿಲ್ಲ. ರೈನೊಪ್ಲಾಸ್ಟಿ ಹೊರಮೂಗಿನದು. ಎರಡನ್ನೂ ಒಟ್ಟಿಗೆ ಮಾಡುವುದು ಸೆಪ್ಟೊರೈನೊಪ್ಲಾಸ್ಟಿ. ‘ಆಪರೇಷನ್ ಆಯಿತು, ಮೂಗು ಮಾತ್ರ ಹಾಗೆಯೇ ಇದೆ’ ಎಂಬ ಬೇಸರ ಹುಟ್ಟುವುದು ಈ ಹೆಸರುಗಳ ಗೊಂದಲದಲ್ಲೇ. ಹೊರಗಿನ ಸೊಟ್ಟವನ್ನು ತಿದ್ದಲು ಮೂಳೆಯನ್ನು ಅಳತೆಯಂತೆ ಕತ್ತರಿಸಿ ಕೂರಿಸಬೇಕಾಗಬಹುದು, ನಡುಗೋಡೆಯಿಂದಲೋ ಕಿವಿಯಿಂದಲೋ ಮೃದ್ವಸ್ಥಿ ತೆಗೆದು ಆಧಾರ ಕೊಡಬೇಕಾಗಬಹುದು. ಮೃದ್ವಸ್ಥಿಗೆ ಹಳೆಯ ಬಾಗಿನ ನೆನಪು ಗಟ್ಟಿ. ಸ್ವಲ್ಪ ಹಿಂದಕ್ಕೆ ವಾಲುವುದೂ ಉಂಟು.

ಇಂತಹ ಮೂಗುಗಳನ್ನು ಎಷ್ಟು ಮಾಡಿದ್ದೀರಿ, ಮತ್ತೆ ತಿದ್ದಬೇಕಾಗಿ ಬಂದರೆ ಖರ್ಚು ಯಾರದು, ಗೋಡೆಯಲ್ಲಿ ತೂತು ಬೀಳುವ ಅಥವಾ ವಾಸನೆ ಕುಂದುವ ಅಪಾಯ ನನಗೆಷ್ಟು ಎಂದು ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕುವವರಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ಕಂಪ್ಯೂಟರಿನಲ್ಲಿ ತೋರಿಸುವ ‘ನಂತರದ ಮೂಗು’ ಬರೀ ಚಿತ್ರ, ಕೊಟ್ಟ ಮಾತಲ್ಲ.

ಮೂಗಿನ ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಮೈಸೂರಿಗೂ ಒಂದು ಸಾಲಿದೆ. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕತ್ತರಿಸಿಕೊಂಡ, ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯುವ ಕೌಸ್ಜಿ ಎಂಬಾತನಿಗೆ ಪುಣೆಯ ಬಳಿ ಹಣೆಯ ಚರ್ಮದಿಂದ ಮೂಗು ಕಟ್ಟಿದ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಮೂಗು ಕಳೆದುಕೊಂಡ ಅವನು ಹೊಸದು ಬರುವ ಮುನ್ನ ಸುಮಾರು ಒಂದು ವರ್ಷ ಹಾಗೆಯೇ ಕಳೆದಿದ್ದ. ಯೋಚಿಸುವ ಪುರುಸೊತ್ತು ನಿಮಗೂ ಇದೆ, ಬಳಸಿಕೊಳ್ಳಿ.

4. ಹಣ ಮತ್ತು ವಯಸ್ಸು

ಸೌಂದರ್ಯಕ್ಕಾಗಿ ಮಾಡಿಸುವುದಕ್ಕೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಉಸಿರಾಟಕ್ಕಾಗಿ ಅಥವಾ ಅಪಘಾತದ ನಂತರವಾದರೆ ಸಿಗಬಹುದು, ಆದರೆ ಹಲವು ಪಾಲಿಸಿಗಳಲ್ಲಿ ಮೂಗಿನ ಸಮಸ್ಯೆಗಳಿಗೆ ಕಾಯುವ ಅವಧಿಯಿದೆ. ಲಿಖಿತ ಒಪ್ಪಿಗೆ ಮೊದಲೇ ಪಡೆಯಿರಿ. ಆಕಾರ ಬದಲಿಸುವ ಶಸ್ತ್ರಚಿಕಿತ್ಸೆಗೆ ಮುಖದ ಬೆಳವಣಿಗೆ ಮುಗಿದಿರಬೇಕು. ಹುಡುಗಿಯರಲ್ಲಿ ಸುಮಾರು 15–16, ಹುಡುಗರಲ್ಲಿ 17–18 ವರ್ಷ ಎಂಬುದು ಸ್ಥೂಲ ಲೆಕ್ಕ.

5. ದಿನ ಗೊತ್ತಾದ ಮೇಲೆ

ಬೀಡಿ ಸಿಗರೇಟನ್ನು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಿ. ಆಸ್ಪಿರಿನ್, ರಕ್ತ ತೆಳುವಾಗಿಸುವ ಮಾತ್ರೆ, ನಾಟಿ ಔಷಧ, ಏನೇ ಸೇವಿಸುತ್ತಿದ್ದರೂ ಮುಚ್ಚಿಡದೆ ಹೇಳಿ. ಹೃದಯಕ್ಕೆಂದು ಕೊಟ್ಟ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಹೊರಮೂಗನ್ನೂ ತಿದ್ದಿದ್ದರೆ ಒಂದು ವಾರ ಮೂಗಿನ ಮೇಲೆ ಪಟ್ಟಿಯಿರುತ್ತದೆ. ಕಣ್ಣಿನ ಸುತ್ತಲಿನ ಕಪ್ಪು ಕಲೆ ಹೋಗಲು ಎರಡು ವಾರ ಬೇಕು. ಮದುವೆ, ಸಂದರ್ಶನಗಳನ್ನು ಅದರಾಚೆಗೆ ಇಟ್ಟುಕೊಳ್ಳಿ. ಮೊದಲ ಎರಡು ವಾರ ಮೂಗು ಸೀದುವಂತಿಲ್ಲ, ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಕನ್ನಡಕದ ಭಾರ ಮೂಗಿನ ಮೇಲೆ ಕೂರದಂತೆ ನಾಲ್ಕರಿಂದ ಆರು ವಾರ ನೋಡಿಕೊಳ್ಳಬೇಕು. ಮುಖಕ್ಕೆ ಒತ್ತುವ ಹೆಲ್ಮೆಟ್ ಹಾಕುವ ಬದಲು ಅಷ್ಟು ದಿನ ಬಸ್ಸಿನಲ್ಲಿ ಓಡಾಡಿ. ತುದಿಯ ಊತ ಪೂರ್ತಿ ಇಳಿಯಲು ಒಂದು ವರ್ಷವೂ ಹಿಡಿಯಬಹುದು, ಮೂರನೇ ವಾರಕ್ಕೇ ಕನ್ನಡಿಯ ಮುಂದೆ ತೀರ್ಪು ಕೊಡಬೇಡಿ. ಮೂಗುತಿ ಇರುವವರು ಅದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ತೆಗೆದಿಡಬೇಕು. ಮತ್ತೆ ಯಾವಾಗ ಹಾಕಬಹುದೆಂದು ಮನೆಗೆ ಹೊರಡುವ ದಿನವೇ ಕೇಳಿ ಬರೆಸಿಕೊಳ್ಳಿ.