ಮಿಷನ್‌ನಲ್ಲಿ ಟ್ರಾನ್ಸ್‌ಫರ್ ಬಂತಾ? ಸೂಟ್‌ಕೇಸ್ ಆಮೇಲೆ, ಮೊದಲು ಏರಿಯಾ ಬುಕ್

ನಮ್ಮ ಮನೆಗಳಲ್ಲಿ ಟ್ರಾನ್ಸ್‌ಫರ್ ಅಂದರೆ ಎತ್ತಂಗಡಿ. ಯಾರೋ ಚಾಡಿ ಹೇಳಿರಬೇಕು, ಇನ್ನು ಎಂಎಲ್‌ಎ ಹತ್ತಿರ ಪತ್ರ ತರಬೇಕು ಅಂತಲೇ ಯೋಚನೆ ಹೋಗುತ್ತದೆ. ಹಾಗಾಗಿ ಲ್ಯಾಟರ್-ಡೇ ಸೇಂಟ್ಸ್ ಅನ್ನುವ ಕ್ರೈಸ್ತ ಸಭೆಯ ಮಿಷನರಿಯಾಗಿ ಬೆಂಗಳೂರಿನಿಂದ ಫಿಲಿಪ್ಪೀನ್ಸ್‌ಗೆ ಹೋದ ಹುಡುಗ ಮನೆಗೆ ಫೋನ್ ಮಾಡಿ "ನನ್ನನ್ನ ಬೇರೆ ಊರಿಗೆ ಹಾಕಿದ್ದಾರೆ" ಅಂದರೆ ಅಮ್ಮ ಮೊದಲು ಕೇಳುವುದು, "ಏನ್ ಮಾಡ್ಕೊಂಡ್ಯೋ?"

ಏನೂ ಮಾಡಿಕೊಂಡಿಲ್ಲ. ಹುಡುಗರಿಗೆ 24 ತಿಂಗಳು, ಹುಡುಗಿಯರಿಗೆ 18 ತಿಂಗಳು ಸೇವೆ. ಸುಮಾರು ಆರು ವಾರಕ್ಕೊಮ್ಮೆ ಮಿಷನ್ ಪ್ರೆಸಿಡೆಂಟ್ (ಆ ಪ್ರದೇಶದ ಮಿಷನರಿಗಳ ಮುಖ್ಯಸ್ಥರು), ಯಾರು ಎಲ್ಲಿ, ಯಾರ ಜೊತೆ ಅಂತ ಮತ್ತೆ ನೋಡುತ್ತಾರೆ. ಕೆಲವರ ಹೆಸರು ಬರುತ್ತದೆ, ಕೆಲವರದು ಇಲ್ಲ. ಶಿಫಾರಸು ನಡೆಯುವುದಿಲ್ಲ. 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ ಮನೆಗೆ ಕಾಲ್ ಮಾಡಬಹುದಲ್ವಾ, ಈ ಪದ್ಧತಿಯನ್ನು ಅಮ್ಮನಿಗೆ ಮುಂಚೆಯೇ ಹೇಳಿಟ್ಟುಬಿಡಿ. ಪಾರ್ಸೆಲ್ ಕಳಿಸುವುದಾದರೆ ನಿಮ್ಮ ರೂಮಿನ ವಿಳಾಸ ಬೇಡ, ಮಿಷನ್ ಆಫೀಸಿನ ವಿಳಾಸ ಹಾಕಲಿ. ಇಲ್ಲದಿದ್ದರೆ ಚಟ್ನಿಪುಡಿ ನಿಮ್ಮ ನಂತರ ಬಂದವನ ಪಾಲು.

ಸುದ್ದಿ ಬಂದ ಮೇಲೆ ಕೈಯಲ್ಲಿ ಇರುವುದು ಕೆಲವೇ ದಿನ. ಎಲ್ಲರೂ ಸೂಟ್‌ಕೇಸ್ ಎಳೆಯುತ್ತಾರೆ. ನನ್ನ ಪ್ರಕಾರ ಅದು ಕೊನೆಯ ರಾತ್ರಿಯ ಕೆಲಸ. ಮೊದಲು ಏರಿಯಾ ಬುಕ್ ಹಿಡಿಯಿರಿ, ಅಂದರೆ ನಿಮಗೆ ಕೊಟ್ಟ ಏರಿಯಾದಲ್ಲಿ ಯಾರ್ಯಾರನ್ನು ಭೇಟಿ ಮಾಡುತ್ತಿದ್ದೀರಿ ಅಂತ ಬರೆದಿಡುವ ದಾಖಲೆ. ಈಗ ಅದು ಫೋನಿನ ಆ್ಯಪ್‌ನಲ್ಲೇ ಇದೆ, ಆದರೂ ಜಾಸ್ತಿ ಜನ ಬರೆಯುವುದು "ಒಳ್ಳೆ ಫ್ಯಾಮಿಲಿ, ಆಸಕ್ತಿ ಇದೆ" ಅಂತ ಅಷ್ಟೇ. ಇದನ್ನು ಓದಿ ಹೊಸಬ ಏನು ಮಾಡಬೇಕು? ಹೀಗೆ ಬರೆಯಿರಿ: "ಬಾಸ್ಕೆಟ್‌ಬಾಲ್ ಕೋರ್ಟ್ ಹಿಂದೆ, ಸಾರಿ-ಸಾರಿ ಅಂಗಡಿ ಪಕ್ಕದ ಗಲ್ಲಿ, ನೀಲಿ ಗೇಟು. ನಾನಾಯ್ (ಅಮ್ಮ) ಮಧ್ಯಾಹ್ನ ಮಲಗುತ್ತಾರೆ, ನಾಲ್ಕರ ಮೇಲೆ ಹೋಗಿ. ಗಂಡ ಮೀನಿಗೆ ಹೋಗುವವರು, ಶನಿವಾರ ಮಾತ್ರ ಸಿಗುತ್ತಾರೆ. ಓದಲು ಕನ್ನಡಕ ಇಲ್ಲ, ನೀವೇ ಓದಿ ಹೇಳಿ. ನಾಯಿ ಕಚ್ಚುತ್ತದೆ." ಇಷ್ಟಿದ್ದರೆ ಸಾಕು, ಯಾರು ಬಂದರೂ ಮಾತು ನಿಂತಲ್ಲಿಂದ ಮುಂದುವರಿಯುತ್ತದೆ. ಸಾಲ, ಜಗಳ, ಕಾಯಿಲೆ ಅಂಥ ಮನೆ ಗುಟ್ಟು ಮಾತ್ರ ಅಲ್ಲಿ ಬೇಡ. ಸಾಮಾನ್ಯವಾಗಿ ನಿಮ್ಮ ಕಂಪ್ಯಾನಿಯನ್ (ಜೊತೆಗಿರುವ ಮಿಷನರಿ) ಅಲ್ಲೇ ಉಳಿಯುತ್ತಾನೆ, ಅವನಿಗೆ ದಾರಿ ಗೊತ್ತು. ಇಬ್ಬರನ್ನೂ ಒಟ್ಟಿಗೆ ಎತ್ತಿದರೆ ಮುಂದೆ ಬರುವವರಿಗೆ ಈ ಬರಹವೇ ಗತಿ.

ಎತ್ತುವುದೂ ಉಂಟು. 2013ರ ನವೆಂಬರ್‌ನಲ್ಲಿ ಹೈಯಾನ್ ಚಂಡಮಾರುತ (ಅಲ್ಲಿನವರು ಯೋಲಾಂಡಾ ಅನ್ನುತ್ತಾರೆ) ಟಕ್ಲೋಬಾನ್‌ಗೆ ಬಡಿದಾಗ ಆ ಮಿಷನ್‌ನ 204 ಮಿಷನರಿಗಳೂ ಬದುಕುಳಿದರು. ಅವರನ್ನು ಮನಿಲಾಗೆ ಸಾಗಿಸಿ, ಬೇರೆ ಕಡೆ ಹಂಚಬೇಕಾಯಿತು. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದಾಗಲೂ ಎಷ್ಟೋ ಜನ ಗಂಟುಮೂಟೆ ಕಟ್ಟಿ ಹೊರಟರು. ಅಂಥ ಹೊತ್ತಲ್ಲಿ ಯಾರೂ ಏರಿಯಾ ಬುಕ್ ಬರೆಯುತ್ತಾ ಕೂರುವುದಿಲ್ಲ, ಆದ್ದರಿಂದ ವಾರವಾರ ಬರೆದಿಡುವುದೇ ಸರಿ.

ಆಮೇಲೆ ಬಾಕಿ. ಅಂಗಡಿಯ ಲೆಕ್ಕ, ಬಟ್ಟೆ ಒಗೆಯುವವರ ದುಡ್ಡು, ಪಕ್ಕದ ಮನೆಯಿಂದ ತಂದ ಪಾತ್ರೆ, ಎಲ್ಲಾ ಚುಕ್ತಾ ಮಾಡಿ. ಬೀಳ್ಕೊಡುಗೆಗೆ ಕರೆಯುತ್ತಾರೆ, ದೆಸ್ಪೆದಿದಾ ಅಂತ, ಊಟ, ಹಾಡು, ಫೋಟೋ, ಅಳು ಎಲ್ಲಾ ಇರುತ್ತದೆ. ಹೋಗಿ. ಆದರೆ ಊಟ ಹಾಕುವ ಮನೆಗಳನ್ನೇ ಸುತ್ತುತ್ತಾ ದಿನ ಕಳೆದರೆ, ಊರಾಚೆ ಒಬ್ಬರೇ ಇರುವ ಅಜ್ಜಿಗೆ ಹೇಳದೆ ಹೊರಟುಬಿಡುತ್ತೀರಿ. ಅವರ ಮನೆಗೆ ಮೊದಲು ಹೋಗಿ. "ನಿಮ್ಮ ಬ್ಯಾಪ್ಟಿಸಂಗೆ ಬಂದೇ ಬರ್ತೀನಿ" ಅಂತ ಯಾರಿಗೂ ಮಾತು ಕೊಡಬೇಡಿ. ಏರಿಯಾ ದಾಟಬೇಕಾದರೆ ಅನುಮತಿ ಬೇಕು, ಅದು ನಿಮ್ಮ ಕೈಯಲ್ಲಿಲ್ಲ.

ಸಾಮಾನಿನ ವಿಷಯ ಜಾಸ್ತಿ ಹೇಳುವುದಿಲ್ಲ. ವ್ಯಾನಿನ ಮೇಲೆ ಕಟ್ಟುತ್ತಾರೆ, ಮಳೆ ಬರುತ್ತದೆ, ಪ್ಲಾಸ್ಟಿಕ್‌ನಲ್ಲಿ ಸುತ್ತಿ. ಪಾಸ್‌ಪೋರ್ಟ್ ಪ್ರತಿ, ಎಸಿಆರ್ ಐ-ಕಾರ್ಡ್ (ಅಲ್ಲಿ ವಿದೇಶಿಯರಿಗೆ ಕೊಡುವ ಗುರುತಿನ ಚೀಟಿ), ಔಷಧಿ ಕೈಚೀಲದಲ್ಲೇ ಇರಲಿ. ವಿಳಾಸ ಬದಲಾದದ್ದನ್ನು ಯಾರಿಗೆ ತಿಳಿಸಬೇಕು ಅಂತ ಮಿಷನ್ ಆಫೀಸನ್ನು ಕೇಳಿಬಿಡಿ. ಇದು ದೇಶದಿಂದ ದೇಶಕ್ಕೆ ಬೇರೆ. ಜಪಾನಿನಲ್ಲಾದರೆ ಹೊಸ ಮನೆಗೆ ಹೋದ 14 ದಿನದೊಳಗೆ ಅಲ್ಲಿನ ನಗರ ಕಚೇರಿಯಲ್ಲಿ ವಿಳಾಸ ಬದಲಿಸಲೇಬೇಕು.

ನಿಜವಾದ ಪೆಟ್ಟು ಭಾಷೆಯದು. ಲೆಯ್ತೆ ಒಂದೇ ದ್ವೀಪ, ಆದರೆ ಟಕ್ಲೋಬಾನ್ ಕಡೆ ವಾರಾಯ್, ಓರ್ಮೊಕ್ ಕಡೆ ಸೆಬುವಾನೊ. ಹುಬ್ಬಳ್ಳಿಯವನು ಮಂಗಳೂರಿಗೆ ಹೋಗಿ ಮೀನು ಮಾರ್ಕೆಟ್‌ನಲ್ಲಿ ತುಳು ಕೇಳಿಸಿಕೊಂಡು ನಿಂತ ಹಾಗೆ. ಗುಡ್ ಮಾರ್ನಿಂಗ್ ಅನ್ನಲು ಟಕ್ಲೋಬಾನ್‌ನಲ್ಲಿ ಕಷ್ಟಪಟ್ಟು ಕಲಿತ "ಮಾಉಪಾಯ್ ಙಾ ಆಗಾ" ಓರ್ಮೊಕ್‌ನಲ್ಲಿ "ಮಾಆಯೊಂಗ್ ಬುಂತಾಗ್" ಆಗುತ್ತದೆ. ವ್ಯಾನಿನಲ್ಲಿ ಸುಮ್ನೆ ಕೂರದೆ ಪಕ್ಕದವರಿಂದ ನಮಸ್ಕಾರ, ಥ್ಯಾಂಕ್ಸ್, ಎಷ್ಟು, ಎಲ್ಲಿ ಇಷ್ಟನ್ನು ಕೇಳಿ ಬರೆದುಕೊಳ್ಳಿ. ಸಿಕ್ಕಿಬಿದ್ದರೆ ಟ್ಯಾಗಲಾಗ್ ಇದೆ, ಶಾಲೆ ಮತ್ತು ಟಿವಿಯಿಂದ ಹೆಚ್ಚಿನವರಿಗೆ ಅರ್ಥವಾಗುತ್ತದೆ.

ಹೊಸ ಏರಿಯಾದಲ್ಲಿ ಮೊದಲ ವಾರ ಬಾಯಿ ಕಡಿಮೆ, ಕಾಲು ಜಾಸ್ತಿ. "ನಮ್ಮ ಹಳೆ ಏರಿಯಾದಲ್ಲಿ ಹೀಗಿರಲಿಲ್ಲ" ಅನ್ನುವುದನ್ನು ನುಂಗಿಕೊಳ್ಳಿ, ಹೊಸ ಕಂಪ್ಯಾನಿಯನ್‌ಗೆ ಅದಕ್ಕಿಂತ ಕಿರಿಕಿರಿ ಇನ್ನೊಂದಿಲ್ಲ. ಮ್ಯಾಪ್ ಬಿಟ್ಟು ನಡೆದೇ ಗಲ್ಲಿ ಕಲಿಯಿರಿ. ಭಾನುವಾರ ಬೇಗ ಹೋಗಿ ಬಾಗಿಲ ಹತ್ತಿರ ನಿಂತು ಹೆಸರು ಕೇಳಿ, ಸಂಜೆ ಬರೆದಿಡಿ. ಬ್ರಾಂಚ್ ಪ್ರೆಸಿಡೆಂಟ್ (ಆ ಊರಿನ ಸಭೆಯ ಮುಖ್ಯಸ್ಥರು) ಸಿಕ್ಕರೆ "ಯಾರ ಮನೆಗೆ ಬಹಳ ದಿನದಿಂದ ಯಾರೂ ಹೋಗಿಲ್ಲ?" ಅಂತ ಕೇಳಿ, ಅವರೇ ಒಂದೆರಡು ಹೆಸರು ಕೊಡುತ್ತಾರೆ.

ಹಳೆ ಊರಿನಿಂದ ಮೆಸೇಜ್ ಬರುತ್ತಲೇ ಇರುತ್ತದೆ. ರಜೆ ದಿನ ಚಿಕ್ಕದಾಗಿ ಉತ್ತರ ಬರೆಯಿರಿ, ಅದರಲ್ಲಿ ಈಗ ಅಲ್ಲಿರುವ ಎಲ್ಡರ್ (ಮಿಷನರಿ ಹುಡುಗ) ಹೆಸರು ಹಾಕಿ, ಏನಿದ್ದರೂ ಅವರನ್ನೇ ಕೇಳಿ ಅನ್ನಿ.