ತವರಿನ ಸೀರೆ ಅಂತ ನಾನೇ ಕೊಂಡ ಸೀರೆ

ನಾನು ಬಾಗಲಕೋಟೆಯ ನವನಗರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ತಮ್ಮ ಬನಹಟ್ಟಿಯಲ್ಲಿ ಪವರ್‌ಲೂಮ್ ಕೆಲಸಕ್ಕೆ ಹೋಗುತ್ತಾನೆ. ಕುಡಿಯುತ್ತಾನೆ. ಹನ್ನೊಂದು ವರ್ಷ ಅವನನ್ನು ಸಂಭಾಳಿಸುವುದೇ ನನ್ನ ಇನ್ನೊಂದು ಕೆಲಸವಾಗಿತ್ತು. ಆ ಕೆಲಸ ನನಗೆ ಎಷ್ಟು ಬೇಕಾಗಿತ್ತು ಅನ್ನೋದು ಗೊತ್ತಾಗಿದ್ದು ಅವನು ಕುಡಿತ ಬಿಟ್ಟಾಗ.

ನಾನು ಏನೇನು ಮಾಡುತ್ತಿದ್ದೆ ಅಂತ ಮೊದಲು ಹೇಳಿಬಿಡುತ್ತೇನೆ. ಅವನು ಕೆಲಸ ತಪ್ಪಿಸಿದ ದಿನ ಮಗ್ಗದ ಮಾಲೀಕರಿಗೆ ನಾನೇ ಫೋನ್ ಮಾಡಿ "ಜ್ವರ ಬಂದಾವ್ರಿ ಅವಗ" ಅನ್ನುತ್ತಿದ್ದೆ. ಅಂಗಡಿ ಉದ್ರಿ, ಕೈಗಡ ಎಲ್ಲ ನಾನೇ ತೀರಿಸುತ್ತಿದ್ದೆ. ಪಂಚಮಿಗೆ ತಮ್ಮ ಬಂದು ಕರೆದುಕೊಂಡು ಹೋಗಬೇಕು, ಅಲ್ವಾ? ಬರುತ್ತಿರಲಿಲ್ಲ. ನಾನೇ ಬಸ್ ಹತ್ತಿ ಹೋಗುತ್ತಿದ್ದೆ. ವಾಪಸ್ ಬರುವಾಗ ಒಂದು ಇಳಕಲ್ ಸೀರೆ ಕೊಂಡು, "ತಮ್ಮ ಕೊಡಿಸ್ಯಾನ್ರಿ" ಅಂತ ಅತ್ತೆಗೆ ತೋರಿಸುತ್ತಿದ್ದೆ. ನಾಲ್ಕು ವರ್ಷ ಹೀಗೇ. ಅದೂ ತಮ್ಮನ ಪಗಾರಕ್ಕೆ ಹೊಂದುವ ಬೆಲೆಯ ಸೀರೆಯನ್ನೇ ಆರಿಸುತ್ತಿದ್ದೆ. ಸುಳ್ಳಿಗೂ ಅಳತೆ ತೆಗೆಯುವ ಟೇಲರ್ ನಾನು!

ಕೊನೆಗೆ ಅವನನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದವಳು ಅವನ ಹೆಂಡತಿ. ನನಗೆ ಹೇಳಲೂ ಇಲ್ಲ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಹಾಗಾಗಿ ಔಷಧಿ ಕೊಟ್ಟು, ಕಣ್ಣಿಟ್ಟು ಬಿಡಿಸಿದರು. ಎರಡು ತಿಂಗಳು ಮುಟ್ಟಲಿಲ್ಲ. ನನಗೆ ಖುಷಿ ಆಗಬೇಕಿತ್ತು. ಸಿಟ್ಟು ಬಂತು. ದಿನಾ ಫೋನ್ ಮಾಡಿ "ಅವ ಸುಳ್ಳ ಹೇಳ್ತಾನ, ಕಿಸೆ ನೋಡು" ಅಂತ ಅವಳ ತಲೆ ತಿನ್ನುತ್ತಿದ್ದೆ. ಒಂದು ದಿನ ಅವನೇ ಫೋನ್ ಇಸಕೊಂಡ. "ಯಕ್ಕಾ, ನಾ ಬಿಟ್ರೂ ನೀ ಬಿಡವಲ್ಲಿ" ಅಂದ.

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ 14416ಕ್ಕೆ ಫೋನ್ ಮಾಡಿದೆ. ಅದು ಸರ್ಕಾರದ ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಇರುವ ಸಹಾಯವಾಣಿ, 2022ರಲ್ಲಿ ಶುರುವಾಗಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಅರ್ಧ ತಾಸು ತಮ್ಮನ ಕಥೆ ಹೇಳಿದೆ. ಆ ಕಡೆಯ ಹೆಣ್ಣುಮಗಳು ಎಲ್ಲ ಕೇಳಿ, "ಅವರದಾತು, ನೀವು ಹೆಂಗದೀರಿ?" ಅಂದರು. ನನಗೆ ಉತ್ತರ ಬರಲಿಲ್ಲ.

ಕೋಡಿಪೆಂಡೆನ್ಸಿ ಅನ್ನೋ ಪದ ಕೇಳಿದ್ದು ಅವರಿಂದಲೇ. ಅಮೆರಿಕದಲ್ಲಿ ಕುಡುಕರ ಮನೆಯವರ ಪಾಡು ನೋಡಿದವರಿಂದ ಬಂದ ಪದ. ಡಾಕ್ಟರರ ಕಾಯಿಲೆ ಪಟ್ಟಿಯಲ್ಲಿ ಅದಿಲ್ಲ. ಒಬ್ಬರ ತೊಂದರೆ ನೋಡಿಕೊಳ್ಳುವುದರಲ್ಲೇ ಇನ್ನೊಬ್ಬರ ಬದುಕು ಮುಳುಗಿಹೋಗುವ ರೂಢಿ ಅದು. ಕುಡಿಯುವವರ ಮನೆಯವರಿಗಾಗಿಯೇ ಅಲ್ಲಿ 1951ರಿಂದ ಆಲ್-ಅನಾನ್ ಅನ್ನೋ ಕೂಟ ಇದೆ. ಅಲ್ಲಿ ಮೂರು ಮಾತು ಹೇಳಿಕೊಡುತ್ತಾರಂತೆ: ಈ ಕುಡಿತ ನನ್ನಿಂದ ಬಂದದ್ದಲ್ಲ, ನನ್ನ ಹಿಡಿತಕ್ಕೆ ಸಿಗುವುದಲ್ಲ, ನನ್ನಿಂದ ವಾಸಿಯಾಗುವುದೂ ಅಲ್ಲ. ಮೊದಲನೆಯದು ಸಮಾಧಾನ ಕೊಟ್ಟಿತು. ಎರಡನೆಯದು ಹೊಟ್ಟೆಗೆ ಒದ್ದ ಹಾಗಾಯಿತು.

ಅಳತೆ ಪುಸ್ತಕದ ಹಿಂದಿನ ಪುಟದಲ್ಲಿ ಬರೆಯಲು ಶುರು ಮಾಡಿದೆ. ಒಂದು ಕಡೆ ನಾನು ಅವನಿಗಾಗಿ ಮಾಡಿದ್ದು, ಪಕ್ಕದಲ್ಲಿ "ಕೇಳಿದನಾ?" ಅಂತ. ಹದಿನೈದು ದಿನಕ್ಕೆ ಇಪ್ಪತ್ಮೂರು ಸಾಲು. ಅವನು ಕೇಳಿದ್ದು ಎರಡು ಸಲ. ಮಾಡದಿದ್ದರೆ ಏನಾಗುತ್ತಿತ್ತು ಅಂತಲೂ ಬರೆದೆ. ಹೆಚ್ಚಿನ ಸಾಲುಗಳ ಎದುರು ಬಂದದ್ದು "ಜನ ಏನಂದಾರು". ಅದೇ ಹದಿನೈದು ದಿನದಲ್ಲಿ ನನ್ನ ಥೈರಾಯ್ಡ್ ಗುಳಿಗೆ ಮುಗಿದು ಒಂಬತ್ತು ದಿನ ಆಗಿತ್ತು. ಅವನ ಗುಳಿಗೆಯ ಲೆಕ್ಕ ಮಾತ್ರ ಬಾಯಿಪಾಠ.

ಹಾಗಂತ ತಮ್ಮನಿಗೆ ರೊಟ್ಟಿ ಕಟ್ಟಿ ಕಳಿಸಿದ್ದೆಲ್ಲ ಕೋಡಿಪೆಂಡೆನ್ಸಿ ಅಲ್ಲ. ಮೊಬೈಲ್ ವಿಡಿಯೊಗಳಲ್ಲಿ ಎಲ್ಲದಕ್ಕೂ ಈ ಹೆಸರು ಹಚ್ಚುತ್ತಾರೆ, ನನಗೆ ಸೇರುವುದಿಲ್ಲ. ನಮ್ಮಲ್ಲಿ ಒಬ್ಬರಿಗೊಬ್ಬರು ಆಗಲೇಬೇಕು. ನಾನು ನೋಡಿಕೊಳ್ಳುವುದು ಇಷ್ಟೇ: ಒಲ್ಲೆ ಅಂದ ಮೇಲೆ ನಿದ್ದೆ ಬರುತ್ತದಾ? ರೊಟ್ಟಿ ಕಳಿಸೋಕಾಗಲ್ಲ ಅಂದ ದಿನವೂ ನಿದ್ದೆ ಚೆನ್ನಾಗೇ ಬರುತ್ತಿತ್ತು.

ಎರಡು ತಿಂಗಳಾದ ಮೇಲೆ ಅವನು ಮತ್ತೆ ಕುಡಿದ. ಮಾಲೀಕರ ಫೋನ್ ಬಂತು. "ನಂಗೊತ್ತಿಲ್ರಿ, ಅವನ್ನ ಕೇಳ್ರಿ" ಅಂದು ಇಟ್ಟೆ. ಕೈ ನಡುಗುತ್ತಿತ್ತು. ಹೊಲಿಯುತ್ತಿದ್ದ ಬ್ಲೌಸಿನ ಎಡಗಡೆ ತೋಳನ್ನು ಬಲಗಡೆ ಹಚ್ಚಿಬಿಟ್ಟಿದ್ದೆ, ಸಂಜೆ ಕೂತು ಬಿಚ್ಚಿದೆ. ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ 108ಕ್ಕೆ ಫೋನ್ ಮಾಡು, ನನಗೂ ತಿಳಿಸು ಅಂತ ಅವನ ಹೆಂಡತಿಗೆ ಹೇಳಿದ್ದೇನೆ. ಕೆಲಸದ ತಕರಾರು, ಸಾಲ ಇನ್ನು ಅವನೇ ನೋಡಿಕೊಳ್ಳಬೇಕು. ಅವನು ಮತ್ತೆ ಡಾಕ್ಟರ ಹತ್ತಿರ ಹೋಗುತ್ತಿದ್ದಾನೆ, ಒಮ್ಮೊಮ್ಮೆ ತಪ್ಪಿಸುತ್ತಾನೆ.

ಈ ಪಂಚಮಿಗೂ ಬರಲಿಲ್ಲ. ನಾನು ಹೋಗಿ ಬಂದೆ. ದಾರಿಯಲ್ಲಿ ಸೀರೆ ಅಂಗಡಿಗೆ ಇಳಿಯಲಿಲ್ಲ. ಅತ್ತೆ ಚೀಲ ನೋಡಿ, "ತವರಿನ ಸೀರಿ ಎಲ್ಲೆತವ್ವಾ?" ಅಂದರು.

"ಈ ಸಲ ಕೊಟ್ಟಿಲ್ರಿ ಅತ್ತಿ."

"ಹೂಂ" ಅಂದು ಶೇಂಗಾ ಉಂಡಿ ಡಬ್ಬಿ ಮುಂದೆ ಇಟ್ಟರು.