ಫೋಟೊ ಸಿಕ್ಕರೆ ಮೊದಲು ಬೆನ್ನು ನೋಡುತ್ತೇನೆ

ಕಲಬುರಗಿಯ ಒಂದು ಗುಜರಿ ಅಂಗಡಿಯಲ್ಲಿ ಹಳೆ ಫ್ರೇಮುಗಳು ರಾಶಿ ಬಿದ್ದಿದ್ದವು. ಅಂಗಡಿಯವರಿಗೆ ಬೇಕಾದದ್ದು ಕಟ್ಟಿಗೆ, ಗಾಜು. ಒಳಗಿನ ಫೋಟೊ ಸುಮ್ನೆ ಕಸ. ಒಂದನ್ನು ಎತ್ತಿಕೊಂಡೆ.

"ನಿಮ್ ಮನಿಯವರೇನ್ರೀ?"

"ಅಲ್ರೀ."

"ಮತ್ತ್ಯಾಕ್ರೀ?"

ಏನು ಹೇಳೋದು? ಇಪ್ಪತ್ತು ರೂಪಾಯಿ ಕೊಟ್ಟು ತಂದೆ. ಚಟ ಹತ್ತಿದ್ದು ಹೀಗೆ.

ಫೋಟೊದಲ್ಲಿ ಒಬ್ಬ ಹುಡುಗ ಕುರ್ಚಿ ಮೇಲೆ ಕೂತಿದ್ದಾನೆ. ಕಾಲು ನೆಲಕ್ಕೆ ಮುಟ್ಟಿಲ್ಲ. ಹಿಂದಿನ ಪರದೆ ಮೇಲೆ ಕಂಬ, ಮೆಟ್ಟಿಲು ಬಿಡಿಸಿದ್ದಾರೆ. ಓರೆ ಮಾಡಿ ಹಿಡಿದರೆ ಅಂಚಿನ ಕಪ್ಪು ಭಾಗ ಪಾದರಸ ಸವರಿದ ಹಾಗೆ ಹೊಳೆಯುತ್ತೆ. ಕೊಳೆ ಅಂದುಕೊಂಡು ಒರೆಸಲು ಹೋಗಿದ್ದೆ. ಆಮೇಲೆ ಗೊತ್ತಾಯಿತು, ಅದು ಪ್ರಿಂಟಿನೊಳಗಿನ ಬೆಳ್ಳಿಯೇ. ವರ್ಷ ಕಳೆದಂತೆ ಮೇಲಕ್ಕೆ ಬರುತ್ತೆ.

ಬೆನ್ನಿಗೆ ಉರ್ದುವಿನಲ್ಲಿ ಏನೋ ಬರೆದಿತ್ತು. ಪಕ್ಕದ ಮನೆ ಚಾಚಾ ಕನ್ನಡಕ ಏರಿಸಿ ಓದಿದರು: "ಬಹಮನ್, 1352."

ಬಹಮನಿ ಸುಲ್ತಾನರ ಕಾಲದಲ್ಲಿ ಫೋಟೊನಾ! ಚಾಚಾ ಹೊಟ್ಟೆ ಹಿಡಿದು ನಕ್ಕರು. ಬಹಮನ್ ಅಂದರೆ ತಿಂಗಳ ಹೆಸರು. ಇಸವಿ ಫಸಲಿ, ನಿಜಾಮರ ಕಾಲದ ಕಚೇರಿ ಲೆಕ್ಕ. 590 ಕೂಡಿಸಿದರೆ 1942. ಅಂದರೆ ಆ ವರ್ಷದ ಚಳಿಗಾಲ. ಹುಡುಗನ ಕತ್ತಿನ ಮಫ್ಲರ್ ನನಗೆ ಕಂಡದ್ದು ಆಗಲೇ.

ಇಷ್ಟಾದ ಮೇಲೂ ದೊಡ್ಡ ತಪ್ಪು ಮಾಡಿದೆ. ಆಮೇಲೆ ಸಿಕ್ಕ ನಲವತ್ತು ಫೋಟೊಗಳನ್ನು ಅಂಟು ಹಾಳೆಯ ಆಲ್ಬಮ್ಮಿಗೆ ಹಾಕಿದೆ, ಮೇಲೆ ಪ್ಲಾಸ್ಟಿಕ್ ಇರುತ್ತಲ್ಲ, ಅದು. ನೋಡೋಕೆ ಚೆಂದ. ಆದರೆ ನಮ್ಮೂರಿನ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅಂಟು ಹಳದಿಯಾಗಿ ಕಚ್ಚಿಕೊಂಡಿತ್ತು. ಒಂದನ್ನು ಎಳೆದೆ. ಬೆನ್ನಿನ ಕಾಗದ ಆಲ್ಬಮ್ಮಿನಲ್ಲೇ ಉಳಿಯಿತು, ಬರಹದ ಸಮೇತ. ಮಿಕ್ಕವುಗಳ ಹಿಂದೆ ಹಲ್ಲಿನ ಸಂದಿ ಸ್ವಚ್ಛ ಮಾಡುವ ದಾರ ತೂರಿಸಿ, ಗರಗಸದ ಹಾಗೆ ನಿಧಾನಕ್ಕೆ ಆಡಿಸಿ ಬಿಡಿಸಿದೆ. ಒಂದಕ್ಕೆ ಅರ್ಧ ಗಂಟೆ.

ಈಗ ಒಂದೊಂದಕ್ಕೂ ಬೇರೆ ಕಾಗದದ ಲಕೋಟೆ. ಎಲ್ಲಿ ಸಿಕ್ಕಿತು, ಯಾರು ಏನು ಹೇಳಿದರು ಅನ್ನೋದನ್ನು ಮೊದಲೇ ಲಕೋಟೆ ಮೇಲೆ ಬರೆದು, ಆಮೇಲೆ ಫೋಟೊ ಒಳಗಿಡುತ್ತೇನೆ. ಫೋಟೊ ಮೇಲೆ ಬಾಲ್ ಪೆನ್ ತಾಗಿಸಲ್ಲ, ಒತ್ತಿದ ಗೆರೆ ಮುಂದೆ ಮೂಡುತ್ತೆ. ಗಾಜಿಗೆ ಕಚ್ಚಿಕೊಂಡದ್ದನ್ನು ಕೀಳದೆ ಗಾಜಿನ ಸಮೇತ ಸ್ಕ್ಯಾನ್ ಮಾಡುತ್ತೇನೆ.

ಆ ಆಲ್ಬಮ್ಮಿನಲ್ಲಿ ಇನ್ನೂ ಮೂರು ಉಳಿದಿವೆ. ದಾರಕ್ಕೂ ಬಗ್ಗಲಿಲ್ಲ. ಅವುಗಳ ಬೆನ್ನಿಗೆ ಏನಿತ್ತು ಅನ್ನೋದು ಗೊತ್ತಿಲ್ಲ, ಅಂಟಿಸುವಾಗ ನೋಡಿಯೇ ಇರಲಿಲ್ಲ.